ಗುಂಡು, ಗಾಳಿ ಮತ್ತು ಬೆಟ್ಟ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬಂದೂಕಿನ ವಿಚಾರ ಹೋಟೆಲಿನವರಿಗೂ ಗಿರಣಿಯವರಿಗೂ ಏತಕ್ಕೆ ಎಂದು ತಾವು ಕೇಳಬಹುದು. 1999ರ ಕಾರ್ಗಿಲ್ ಯುದ್ಧವನ್ನು ನಾವಾರೂ ಮರೆತಿಲ್ಲ. ಅಲ್ಲಿಯ ತೆಳುಗಾಳಿ ನಮ್ಮ ಸೈನಿಕರ ಉಸಿರನ್ನು ಹಿಡಿದುದಲ್ಲದೆ ಅವರ ಗುಂಡಿನ ಲೆಕ್ಕವನ್ನೂ ಬದಲಿಸಿತು. ಆ ಲೆಕ್ಕವನ್ನು ಕುರಿತು ಇಂದು ನಾಲ್ಕು ಮಾತು.

ಗಾಳಿಗೆ ತೂಕವುಂಟು. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರಿರುವ ಪೆಟ್ಟಿಗೆಯಲ್ಲಿ, ಸಮುದ್ರದ ಮಟ್ಟದಲ್ಲಿ, ಸುಮಾರು 1.2 ಕಿಲೋ ಗಾಳಿ ಹಿಡಿಯುತ್ತದೆ. 5,000 ಮೀಟರು ಮೇಲಕ್ಕೆ ಹೋದರೆ ಅದೇ ಪೆಟ್ಟಿಗೆಯಲ್ಲಿ ಮುಕ್ಕಾಲು ಕಿಲೋ ಮಾತ್ರ. ಒಲೆಯ ಮುಂದೆ ದುಡಿಯುವ ನಮ್ಮವರಿಗೆ ಇದು ಬೇಗ ಅರ್ಥವಾದೀತು. ಇಲ್ಲಿ 100 ಡಿಗ್ರಿಗೆ ಕುದಿಯುವ ನೀರು ಆ ಎತ್ತರದಲ್ಲಿ 83ರ ಸುಮಾರಿಗೇ ಕುದಿಯುತ್ತದೆ; ನೀರು ಕುದಿದರೂ ಅನ್ನ ಬೇಗ ಬೇಯುವುದಿಲ್ಲ. ಮೇಲಿನಿಂದ ಅದುಮುವ ಗಾಳಿ ಕಡಿಮೆಯಾದುದೇ ಇದಕ್ಕೆ ಕಾರಣ.

ಇನ್ನು ಗುಂಡು. ರೈಫಲಿನ 7.62 ಮಿಲಿಮೀಟರಿನ ಗುಂಡು ನಳಿಗೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 830 ಮೀಟರು. ಈ ವೇಗವನ್ನು ಕೊಡುವುದು ಮದ್ದು. ಬೆಟ್ಟವಾಗಲಿ ಬಯಲಾಗಲಿ ಅದರಲ್ಲಿ ಹೆಚ್ಚು ಭೇದವಿಲ್ಲ. ಭೇದವಾಗುವುದು ಅನಂತರ. ಗಾಳಿ ಹೆಜ್ಜೆಹೆಜ್ಜೆಗೂ ಸುಂಕ ಕೀಳುತ್ತದೆ. ಬಯಲಿನಲ್ಲಿ 800 ಮೀಟರು ಸಾಗುವಷ್ಟರಲ್ಲಿ ಗುಂಡು ಅರ್ಧಕ್ಕಿಂತ ಹೆಚ್ಚು ವೇಗವನ್ನು ಕಳೆದುಕೊಂಡಿರುತ್ತದೆ. ತೆಳುಗಾಳಿಯಲ್ಲಿ ಈ ಸುಂಕ ಕಡಿಮೆ. ವೇಗ ಉಳಿಯುವುದರಿಂದ ಗುರಿಯನ್ನು ಬೇಗ ಮುಟ್ಟುತ್ತದೆ. ದಾರಿಯಲ್ಲಿ ಕೆಳಕ್ಕೆ ಬೀಳುವುದೂ ಕಡಿಮೆ. ನೂರು ಮೀಟರಿನಲ್ಲಿ ಇದು ಕಣ್ಣಿಗೆ ಕಾಣದು. ದೂರ ಬೆಳೆದಂತೆ ಬಯಲಿನ ಲೆಕ್ಕದಲ್ಲಿ ಹೊಡೆದ ಗುಂಡು ಗುರಿಯ ತಲೆಯ ಮೇಲೆ ಹಾದುಹೋಗುತ್ತದೆ.

ಗಾಳಿಯ ಈ ತಡೆಯನ್ನು ಮೊದಲು ಸರಿಯಾಗಿ ಅಳೆದವನು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನ ಬಾತ್ ನಗರದ ಬಡ ಮನೆಯಲ್ಲಿ 1707ರಲ್ಲಿ ಹುಟ್ಟಿದವನು. ತೂಗಾಡುವ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದೆ ಸರಿಯಿತೆಂಬುದರಿಂದ ವೇಗವನ್ನು ಲೆಕ್ಕಹಾಕಿ, 1742ರಲ್ಲಿ ಪುಸ್ತಕ ಬರೆದನು. ಗಾಳಿಯ ತಡೆ ಅಲ್ಪವೆಂದು ನಂಬಿದ್ದ ಪಂಡಿತರಿಗೆ, ಅದು ಗುಂಡಿನ ತೂಕದ ಎಷ್ಟೋ ಪಾಲು ಹೆಚ್ಚೆಂದು ತೋರಿಸಿಕೊಟ್ಟನು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಮತ್ತೆ ಕಾರ್ಗಿಲಿಗೆ ಬರೋಣ. ನಮ್ಮ ಬೊಫೋರ್ಸ್ ತೋಪುಗಳು ಕಣಿವೆಯಲ್ಲಿ. ಶತ್ರು ಟೈಗರ್ ಹಿಲ್‌ನಂತಹ, ಸುಮಾರು 5,000 ಮೀಟರು ಎತ್ತರದ ಶಿಖರಗಳಲ್ಲಿ. ಬಯಲಿನಲ್ಲಿ 24 ಕಿಲೋಮೀಟರಿನ ಸುಮಾರಿಗೆ ಹೊಡೆಯುವ ಆ ತೋಪು ಅಲ್ಲಿ 30ರ ಆಚೆಗೂ ಹೊಡೆಯಬಲ್ಲದಾಯಿತು. ಇದು ಬಲವೆಂದು ಹಿಗ್ಗಬಹುದು. ಅಪಾಯವೂ ಅಲ್ಲಿಯೇ ಇತ್ತು. ಷೆಲ್ ಹೆಚ್ಚು ದೂರ ಹೋದರೆ ಶಿಖರವನ್ನು ದಾಟಿ ಆಚೆಯ ಕಣಿವೆಗೆ ಬಿದ್ದು ವ್ಯರ್ಥ. ಇನ್ನು ಚಳಿಗೆ ಮದ್ದಿನ ಬಲ ಕುಗ್ಗುತ್ತದೆ. ಗಾಳಿಯೂ ತಣ್ಣಗಾದಷ್ಟು ದಟ್ಟವಾಗುತ್ತದೆ. ಅದನ್ನು ಗಣಿಸದೆ ಹೊಡೆದ ಷೆಲ್ ಈಚೆಗೆ ಬಿದ್ದರೆ, ಬಂಡೆ ಹಿಡಿದು ಹತ್ತುತ್ತಿರುವ ನಮ್ಮ ಹುಡುಗರ ಮೇಲೆಯೇ! ಆದುದರಿಂದಲೇ ತೋಪಿನವರು ಗಾಳಿಯ ಒತ್ತಡ, ಶಾಖ, ಬೀಸುವ ದಿಕ್ಕು ಎಲ್ಲವನ್ನೂ ಅಳೆದು ಪಟ್ಟಿಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಒಬ್ಬನ ಲೆಕ್ಕದ ಮೇಲೆ ಮತ್ತೊಬ್ಬನ ಪ್ರಾಣ ನಿಂತಿರುತ್ತದೆ.

ಗಿರಣಿಯಲ್ಲಿ ದುಡಿದವರಿಗೆ ಇನ್ನೊಂದು ಮಾತು. ನೂಲು ಕಡಿಯದಿರಲೆಂದು ಖಾತೆಯಲ್ಲಿ ತೇವ ಕಾಪಾಡುತ್ತಾರಲ್ಲವೆ? ಆ ಗಾಳಿ ಭಾರವೆಂದು ನಮಗೆ ತೋರುತ್ತದೆ. ಆದರೆ ಅಷ್ಟೇ ಶಾಖ, ಅಷ್ಟೇ ಒತ್ತಡವಿದ್ದರೆ ತೇವದ ಗಾಳಿ ಒಣಗಾಳಿಗಿಂತ ಕೊಂಚ ಹಗುರ. ನೀರಾವಿಯ ಕಣ ಗಾಳಿಯ ಕಣಕ್ಕಿಂತ ಹಗುರವಾದುದೇ ಕಾರಣ. ಮೈಗೆ ತೋರಿದ್ದೆಲ್ಲ ನಿಜವಲ್ಲ, ಅಳೆದು ನೋಡಬೇಕು.

ಬಂಧುಗಳೆ, ಒಂದು ಕಡೆ ಮಾಡಿದ ಪಟ್ಟಿ ಇನ್ನೊಂದು ಕಡೆ ಹಾಗೆಯೇ ನಡೆಯುವುದಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿದವನು ಅಲ್ಲಿ ಸೋಲುತ್ತಾನೆ. ಅದು ಏಕೆ ಹಾಗಿದೆಯೆಂದು ಬಲ್ಲವನು ತಿದ್ದಿಕೊಂಡು ಗೆಲ್ಲುತ್ತಾನೆ. ದಿನದ ದುಡಿಮೆ ಮುಗಿಸಿ ನಾವು ಪುಸ್ತಕ ಹಿಡಿಯಬೇಕಾದುದು ಈ ‘ಏಕೆ’ಗಾಗಿ.