ಕೂಲಿಯವರ ಕಾಸಿನಿಂದ ಎದ್ದ ಕಾಲೇಜು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜು ಎಂಬುದು ಉಳ್ಳವರ ಸೊತ್ತು, ನಮಗೇಕೆ ಅದರ ಗೊಡವೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಬ್ರಿಟನ್ನಿನ ಪಶ್ಚಿಮ ಕಡಲಂಚಿನ ಒಂದು ಸಣ್ಣ ಊರಿನ ಸಮಾಚಾರ ಹೇಳುತ್ತೇನೆ. ನಾಡು ವೇಲ್ಸ್, ಊರು ಅಬೆರಿಸ್ಟ್ವಿತ್. ಹೆಸರು ನಾಲಿಗೆಗೆ ತೊಡಕು, ಸಂಗತಿ ಸರಳ.

ರೈಲು ಗುತ್ತಿಗೆದಾರನೊಬ್ಬ ಅಲ್ಲಿಯ ಸಮುದ್ರದ ದಂಡೆಯಲ್ಲಿ ಭಾರಿ ಹೋಟೆಲು ಕಟ್ಟಲು ಹೊರಟು ದಿವಾಳಿಯಾದ. ಪೂರ್ತಿಯಾಗದ ಆ ಕಟ್ಟಡವನ್ನು 10,000 ಪೌಂಡಿಗೆ ಕೊಂಡು 1872ರಲ್ಲಿ ಕಾಲೇಜು ತೆರೆದರು. ವಿದ್ಯಾರ್ಥಿಗಳು 26 ಮಂದಿ. ಸರಕಾರದ ವಾರ್ಷಿಕ ನೆರವು ದೊರೆತದ್ದು 1882ರಲ್ಲಿ. ಆ ಹತ್ತು ವರ್ಷ ಮೇಷ್ಟರ ಸಂಬಳ ಎಲ್ಲಿಂದ ಬಂತು? ಕೊಟ್ಟ ದೊಡ್ಡವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ 1875ರ ಅಕ್ಟೋಬರಿನ ಒಂದು ಭಾನುವಾರವನ್ನು ‘ವಿಶ್ವವಿದ್ಯಾನಿಲಯದ ಭಾನುವಾರ’ವೆಂದು ಗೊತ್ತುಮಾಡಿ ಊರೂರಿನ ಪ್ರಾರ್ಥನಾ ಮಂದಿರಗಳಲ್ಲಿ ಚಂದಾ ಎತ್ತಿದರು. ಕಲ್ಲಿದ್ದಲು ಅಗೆಯುವವರು, ಪಾಟಿಯ ಕಲ್ಲು ಸೀಳುವವರು, ಗೇಣಿ ರೈತರು ಪೆನ್ನಿ ಪೆನ್ನಿ ಹಾಕಿದರು. ತಾವು ಆ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲವೆಂದು ಅವರಿಗೆ ಗೊತ್ತಿತ್ತು. 1885ರಲ್ಲಿ ಬೆಂಕಿ ಬಿದ್ದು ಕಟ್ಟಡದ ಬಹುಭಾಗ ಸುಟ್ಟಾಗ ಮತ್ತೆ ಚಂದಾ ಎತ್ತಿ ಕಟ್ಟಿದರು.

ಅಲ್ಲಿಯ ವಿದ್ಯಾರ್ಥಿ ಜೀವನವೆಲ್ಲ ಕಡಲಿಗೆ ಅಂಟಿಕೊಂಡದ್ದು. ಸಂಜೆ ದಂಡೆಯುದ್ದಕ್ಕೂ ನಡೆದು, ಗುಡ್ಡದ ಬುಡದ ಕಬ್ಬಿಣದ ಕಂಬಿಗೆ ಒಂದು ಒದೆ ಕೊಟ್ಟು ಹಿಂದಿರುಗುವುದು ಪದ್ಧತಿ. ಏಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ! ಚಳಿಗಾಲದಲ್ಲಿ ಮಾತ್ರ ಆಟವಲ್ಲ. 2014ರ ಜನವರಿಯ ಬಿರುಗಾಳಿಗೆ ದಂಡೆಯ ಹಾಸ್ಟೆಲುಗಳನ್ನು ತೆರವು ಮಾಡಿಸಬೇಕಾಯಿತು.

ಈಗ ದುಡ್ಡಿನ ಮಾತು. 1962ರ ಕಾನೂನಿನಿಂದ ಬ್ರಿಟನ್ನಿನ ವಿದ್ಯಾರ್ಥಿಯ ಶುಲ್ಕವನ್ನು ಸರಕಾರವೇ ಭರಿಸುತ್ತಿತ್ತು. 1998ರಲ್ಲಿ ಅದು ಮುರಿಯಿತು. 2025ರಲ್ಲಿ ವೇಲ್ಸಿನಲ್ಲಿ ವಾರ್ಷಿಕ ಶುಲ್ಕದ ಮಿತಿ 9,535 ಪೌಂಡು. ಹುಡುಗರು ಸಾಲ ಮಾಡಿ ಓದುತ್ತಾರೆ. ಮುಂದೆ ಸಂಬಳ ಒಂದು ಮಟ್ಟ ದಾಟಿದ ಮೇಲೆ ಸಾಲದ ಕಂತು ಅದರಲ್ಲೇ ಕಡಿತ. ಪೆನ್ನಿ ಹಾಕಿದ ಗಣಿಯವನ ಮರಿಮಗನಿಗೂ ಇದೇ ಗತಿ. ಇದು ಯಾವ ನ್ಯಾಯ?

ಆದರೂ ಅಲ್ಲಿಯ ಮಕ್ಕಳು ಕೈಕಟ್ಟಿ ಕುಳಿತವರಲ್ಲ. ಅವರಲ್ಲಿ ಹಲವರ ಮನೆಮಾತು ವೆಲ್ಷ್. ಇಂಗ್ಲಿಷಿನ ಅಡಿಯಲ್ಲಿ ನಲುಗಿದ ಭಾಷೆ. ಆ ಮಾತಿನವರು ಕೂಡಿ ಬಾಳಲೆಂದು 1974ರಿಂದ ಪಾಂಟಿಕೆಲಿನ್ ಎಂಬ ಹಾಸ್ಟೆಲು ಅವರದಾಗಿತ್ತು. 2015ರಲ್ಲಿ ಅದನ್ನು ಮುಚ್ಚುವ ಮಾತು ಬಂದಾಗ ವಿದ್ಯಾರ್ಥಿಗಳು ಒಳಗೇ ಧರಣಿ ಕೂತರು. ಬಾಗಿಲು ಮುಚ್ಚಿತು ನಿಜ; ಆದರೆ ಮತ್ತೆ ತೆರೆಯುವ ವಚನ ಪಡೆದೇ ಎದ್ದರು. 2020ರಲ್ಲಿ ರಿಪೇರಿ ಮುಗಿದು, ಹೊಸ ವಿದ್ಯಾರ್ಥಿಗಳು ಹಾಸಿಗೆ ಪೆಟ್ಟಿಗೆ ಹೊತ್ತು ಒಳಗೆ ಹೋದರು.