ಒಣಗದ ಎಣ್ಣೆ, ಮಂದಕಾಂತಿಯ ಬಣ್ಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಎಲ್ಲದಕ್ಕೂ ಮದ್ದು. ಒಮ್ಮೆ ಆಯುಧಪೂಜೆಗೆ ನನ್ನ ಹಳೆಯ ಜೀಪನ್ನೂ ಆ ಎಣ್ಣೆಯಿಂದಲೇ ಒರೆಸಿದೆ. ಸಂಜೆ ಥಳಥಳಿಸಿತು, ಮರುದಿನ ದಾರಿಯ ಧೂಳೆಲ್ಲ ಅದರ ಮೈಗಂಟಿತ್ತು.

ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಪೊರೆಗಟ್ಟುತ್ತದೆ. ಬಣ್ಣಗಾರರು ಅದನ್ನು ನಂಬಿದ್ದು ಅದಕ್ಕೇ. ಕೊಬ್ಬರಿ ಎಣ್ಣೆ ಹಾಗೆ ಒಣಗದು. ಆದರೂ ಅದನ್ನು ಆಲ್ಕಿಡ್ ಎಂಬ ರಾಳವಾಗಿ ಮಾರ್ಪಡಿಸಿ, ಶಾಖದಿಂದ ಗಟ್ಟಿಗೊಳಿಸುವ ಬಣ್ಣಗಳಲ್ಲಿ ಬಳಸುತ್ತಾರೆ. ಗಾಳಿಗೆ ಒಲಿಯದ ಆ ಗುಣದಿಂದಲೇ ಅಂಥ ಬಣ್ಣ ಬೇಗ ಹಳದಿಗಟ್ಟುವುದಿಲ್ಲ. ತೆಂಗಿನ ಸೀಮೆಯವನಿಗೆ ಇದೊಂದು ಸಣ್ಣ ಹೆಮ್ಮೆ.

ಮತ್ತೆ ಬಣ್ಣ ಬಳಿಸುವಾಗ, ಕನ್ನಡಿಯ ಹೊಳಪು ಬೇಡ, ರೇಷ್ಮೆಯ ಮಂದಕಾಂತಿ ಇರಲಿ ಎಂದೆ. ಮೇಸ್ತ್ರಿ ನಕ್ಕರು: “ಸ್ಯಾಟಿನ್ನಾ ಸ್ವಾಮಿ? ತಪ್ಪಾದರೆ ಉಜ್ಜಿ ಮರೆಸೋಕಾಗಲ್ಲ.”

ಮಾತು ನಿಜ. ಮೇಲ್ಪದರದಲ್ಲಿ ಬೆರೆತ ಸಿಲಿಕಾದ ನವುರಾದ ಕಣಗಳು ಬೆಳಕನ್ನು ಚದುರಿಸುವುದರಿಂದ ಆ ಕಾಂತಿ ಹುಟ್ಟುತ್ತದೆ. ಪಾಲಿಶ್ ಹಾಕಿ ತಿಕ್ಕಿದರೆ ಆ ಉಬ್ಬುತಗ್ಗು ಸವೆದು, ತಿಕ್ಕಿದ ಕಡೆ ಮಾತ್ರ ಹೊಳೆಯುವ ಕಲೆಯೊಂದು ನಿಲ್ಲುತ್ತದೆ. ಆದ್ದರಿಂದ ಬಾಳಿಕೆಯೆಲ್ಲ ಅಡಿಯಲ್ಲಿರಬೇಕು. ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು, ಪ್ರೈಮರ್ ಬಳಿದು, ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ಜಿಡ್ಡಿನ ಸುಳಿವೂ ಇಲ್ಲದಂತೆ ಒರೆಸಬೇಕು. ನನ್ನ ಹಳೆಯ ಭಕ್ತಿಯ ಎಣ್ಣೆ ಬಿರುಕುಗಳಲ್ಲಿ ಇನ್ನೂ ಉಳಿದಿತ್ತು; ಅದನ್ನು ತೆಗೆಯಲು ಅವರಿಗೆ ಎರಡು ದಿನ ಹಿಡಿಯಿತು. ಕೊನೆಗೆ ಡಬ್ಬಿಯ ತಳದಲ್ಲಿ ಕೂತ ಕಣಗಳನ್ನು ಚೆನ್ನಾಗಿ ಕಲಕಿ, ಗಟ್ಟಿಕಾರಕ ಬೆರೆಸಿ, ಒಂದೇ ಮಧ್ಯಾಹ್ನದಲ್ಲಿ ಸಿಂಪಡಿಸಿ ಮುಗಿಸಿದರು.

ಮುಂದಿನ ಆಯುಧಪೂಜೆಗೆ ಜೀಪಿಗೆ ನೀರು, ಸೌಮ್ಯ ಸಾಬೂನು, ಮೆತ್ತನೆಯ ಬಟ್ಟೆ. ಎಣ್ಣೆಯ ಬಟ್ಟಲು ದೇವರ ಮನೆಯಲ್ಲೇ ಉಳಿಯಿತು.