ಬದನೆಯ ಸೊರಗು ರೋಗವೂ ಗದ್ದೆಯ ನೀರೂ



ದೇರೆಬೈಲೆಂಬ ಹೆಸರಿನಲ್ಲಿಯೇ ಬೈಲುಂಟು; ಇಂದು ಅದು ಮಂಗಳೂರು ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ಹಿತ್ತಿಲಲ್ಲಿ ನಾವು ನೆಟ್ಟ ಬದನೆಯ ಗಿಡಗಳು, ಎಲೆ ಹಸುರಾಗಿರುವಂತೆಯೇ, ಒಮ್ಮೆಗೆ ಸೊರಗಿದುವು. ಆಂಗ್ಲಗ್ರಂಥಗಳನ್ನೋದಿ ಪಾಠ ಹೇಳುವ ನಾವು ನೀರು ಸಾಲದೆಂದೆಣಿಸಿ ಇನ್ನಷ್ಟು ಹೊಯ್ದೆವು!

ಸೊರಗಿದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಹಾಲಿನಂತಹ ಎಳೆಯೊಂದು ಕೆಳಗಿಳಿಯುವುದು. ಅದು ರಾಲ್ಸ್ಟೋನಿಯವೆಂಬ ಬ್ಯಾಕ್ಟೀರಿಯಗಳ ರಾಶಿ. ಮಣ್ಣಿನಲ್ಲಿ ಬಹುಕಾಲ ಬದುಕಿರತಕ್ಕ ಇವು ಬೇರಿನ ಗಾಯದಿಂದ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವುವು. ಎಲೆಗೆ ಮದ್ದು ಸಿಂಪಡಿಸಿ ಫಲವಿಲ್ಲ.

ಕರಾವಳಿಯ ಹಿಂದಿನವರು ಏಣಿಲು ಬತ್ತವನ್ನು ಕೊಯ್ದ ಗದ್ದೆಯಲ್ಲಿ ತರಕಾರಿ ಬೆಳೆಯುತ್ತಿದ್ದರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ನೀರು ಮಣ್ಣಿಗೆ ಗಾಳಿಯನ್ನು ತಡೆಯುವುದು. ಬತ್ತವೂ ಈ ರೋಗಾಣುವಿಗೆ ಆಶ್ರಯ ಕೊಡದು. ಹೀಗೆ ಅದರ ಸಂಖ್ಯೆ ಕುಗ್ಗುವುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳವನ್ನು ಇಂದಿಗೂ ಬತ್ತದ ತರುವಾಯ ನೆಡುವುದುಂಟು.

ಗದ್ದೆಯಿಲ್ಲದ ನಮ್ಮಂಥವರು ಕಾಡುಸುಂಡೆಯ ಬುಡಕ್ಕೆ ಬದನೆಯ ಕಸಿ ಕಟ್ಟಬಹುದು. ಅದರ ಬೇರು ಈ ರೋಗವನ್ನು ಬಹುಮಟ್ಟಿಗೆ ತಾಳುವುದು. ಸೊರಗಿದ ಗಿಡವಿದ್ದಲ್ಲಿ ಟೊಮೇಟೊ, ಮೆಣಸುಗಳನ್ನು ನೆಡಬಾರದು. ಗಿಡವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಆ ಪಾತಿಯ ನೀರನ್ನು ನೆರೆಯ ಪಾತಿಗೆ ಹರಿಯಗೊಡಲೂ ಬಾರದು. ನಾವು ಅಂದು ಹೊಯ್ದ ನೀರೇ ಕೆಳಗಿನ ಮೂರು ಪಾತಿಗಳಿಗೆ ರೋಗವನ್ನು ಹಂಚಿತ್ತು.